ಕಡಲ ಬಣ್ಣದ ಹುಳುಗಳಿಗೂ ಧಾರವಾಡದ ಎಲಿಯಟ್ ಸಾಹೇಬರಿಗೂ ಏನು ನಂಟು?

ನೀಲಿ, ಕೇಸರಿ, ನೇರಳೆ ಬಣ್ಣದ ಕಡಲ ಹುಳುಗಳ ಫೋಟೊಗಳು ಕುವೆಂಪುನಗರದ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೂ ಆಗಾಗ ಬರುತ್ತವೆ. ಇವು ಸೀ ಸ್ಲಗ್‌ಗಳು. ಬಸವನಹುಳುವಿನ ಬಳಗದವು, ಹೆಚ್ಚಿನವಕ್ಕೆ ಹೊರಗೆ ಚಿಪ್ಪಿಲ್ಲ. ಮೊದಲು ಕಂಡವರು ತಮ್ಮ ಹೆಸರನ್ನೇ ಇಡುತ್ತಾರೆ, ಬಣ್ಣ ನೋಡಿದರೆ ಸಾಕು ಯಾವ ಪ್ರಭೇದವೆಂದು ತಿಳಿಯುತ್ತದೆ ಎಂಬ ಮಾತುಗಳೂ ಕೇಳಿಬರುತ್ತವೆ. ಎರಡೂ ಸರಿಯಲ್ಲ. ಏಕೆಂದು ತಿಳಿಯಲು ಸರ್ ವಾಲ್ಟರ್ ಎಲಿಯಟ್ ಅವರ ಬದುಕನ್ನು ನೋಡೋಣ.

ಎಲಿಯಟ್ ಹುಟ್ಟಿದ್ದು 1803ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿ ಧಾರವಾಡಕ್ಕೆ ಬಂದರು. 1824ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಪಡೆಯೊಂದಿಗಿನ ಕಾಳಗದಲ್ಲಿ ಮೇಲಧಿಕಾರಿ ಥ್ಯಾಕರೆ ಸತ್ತಾಗ ಎಲಿಯಟ್ ಸೆರೆಸಿಕ್ಕರು. ಕೆಲವು ವಾರಗಳ ಬಳಿಕ ಜೀವಸಹಿತ ಬಿಡುಗಡೆಯಾದರು. ಮುಂದೆ ಧಾರವಾಡದಲ್ಲಿ ಕನ್ನಡ ಶಾಲೆಗಳ ಪರ ನಿಂತರು, 595 ಶಾಸನಗಳ ಪ್ರತಿ ಮಾಡಿಸಿದರು. ಆ ಸೀಮೆಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದರು.

ಕಡಲ ಹುಳುಗಳು ಅವರ ಕಣ್ಣಿಗೆ ಬಿದ್ದದ್ದು ಆಮೇಲೆ, ಇಂದಿನ ವಿಶಾಖಪಟ್ಟಣದ ವಾಲ್ಟೇರ್ ತೀರದಲ್ಲಿ. ಅಲ್ಲೊಂದು ತೊಡಕಿತ್ತು. ಈ ಹುಳುಗಳನ್ನು ಮದ್ಯಸಾರದಲ್ಲಿ ಇಟ್ಟರೆ ಬಣ್ಣ ಮಾಸುತ್ತದೆ, ಮೈ ಮುದುಡುತ್ತದೆ. ಕ್ಯಾಮೆರಾ ಇನ್ನೂ ಕೈಗೆಟುಕದ ಕಾಲವದು. ಹಾಗಾಗಿ ಎಲಿಯಟ್ ಸ್ಥಳೀಯ ಕಲಾವಿದರಿಂದ ಜೀವಂತ ಹುಳುಗಳ ಬಣ್ಣದ ಚಿತ್ರ ಬರೆಸಿದರು. ಚಿತ್ರ ಮತ್ತು ಮಾದರಿ ಎರಡೂ ಇಂಗ್ಲೆಂಡಿನ ಜೋಶುವಾ ಆಲ್ಡರ್ ಮತ್ತು ಆಲ್ಬನಿ ಹ್ಯಾನ್‌ಕಾಕ್ ಅವರ ಕೈ ಸೇರಿದವು.

ಒಂದೇ ಪ್ರಭೇದದಲ್ಲಿ ಬಣ್ಣ ಬೇರೆಬೇರೆ ಇರಬಹುದು, ಬೇರೆ ಪ್ರಭೇದಗಳು ನೋಡಲು ಒಂದೇ ತರಹ ಇರಬಹುದು. ಆದ್ದರಿಂದ ಕಿವಿರು, ನಾಲಗೆಯ ಮೇಲಿನ ಸೂಕ್ಷ್ಮ ಹಲ್ಲುಗಳಂಥ ಅಂಗರಚನೆಯನ್ನೂ ನೋಡಬೇಕು. ಈಗ ಡಿಎನ್‌ಎ ಪರೀಕ್ಷೆಯೂ ಸೇರಿದೆ.

ಆಲ್ಡರ್ ಮತ್ತು ಹ್ಯಾನ್‌ಕಾಕ್ 1864ರಲ್ಲಿ ವಿವರಣೆ ಪ್ರಕಟಿಸಿದರು. ಒಂದು ಹುಳುವಿಗೆ ಎಲಿಯಟ್ ಹೆಸರಿಟ್ಟರು. ಅದನ್ನು ಇಂದು ಪ್ಲಾಟಿಡೋರಿಸ್ ಎಲಿಯಟಿ ಎನ್ನುತ್ತಾರೆ. ಇನ್ನೊಂದರ ಹೆಸರು ಕಳಿಂಗ ಆರ್ನಾಟಾ. ಆ ಕರಾವಳಿಯ ಹಳೆಯ ಹೆಸರೇ ಅದರಲ್ಲಿದೆ. ಅಂದರೆ ಎಲಿಯಟ್ ತಮ್ಮ ಹೆಸರನ್ನು ತಾವೇ ಇಟ್ಟುಕೊಂಡದ್ದಲ್ಲ. ಹಾಗೆ ಇಟ್ಟುಕೊಳ್ಳುವುದು ವಿಜ್ಞಾನಿಗಳಲ್ಲಿ ರೂಢಿಯೂ ಅಲ್ಲ. ಆದರೆ ಆ ಬಣ್ಣಗಳನ್ನು ಉಳಿಸಿಕೊಟ್ಟ ಕಲಾವಿದರ ಹೆಸರು ಇಂದು ಎಷ್ಟು ಜನರಿಗೆ ಗೊತ್ತು?

ಕೊನೆಗಾಲದಲ್ಲಿ ಎಲಿಯಟ್ ಅವರ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ಆದರೂ ದಕ್ಷಿಣ ಭಾರತದ ನಾಣ್ಯಗಳ ಕುರಿತ ಪುಸ್ತಕವನ್ನು ಮುಗಿಸಿದರು. 1887ರಲ್ಲಿ ತೀರಿಕೊಂಡರು.

ಮುಂದಿನ ಸಲ ಮಲ್ಪೆ, ಕಾರವಾರದ ಕಲ್ಲುಬಂಡೆಗಳ ನಡುವೆ ಇಂಥ ಹುಳು ಕಂಡರೆ ಮುಟ್ಟಬೇಡಿ, ಫೋಟೊ ತೆಗೆಯಿರಿ. ಕಳಿಸುವಾಗ ಎಲ್ಲಿ, ಯಾವಾಗ, ಯಾರು ತೆಗೆದದ್ದು ಎಂಬುದನ್ನೂ ಬರೆಯಿರಿ. ಈ ಮೂರು ಇಲ್ಲದ ಚಿತ್ರ ಕಣ್ಣಿಗೆ ಚೆಂದ, ಅಷ್ಟೇ. ಇವು ಇದ್ದರೆ ಅದು ದಾಖಲೆ.