ಸಂಸಾರ ಉಳಿಸಲು ನಾಟಕ ಬರೆದ ಅನ್ನಾ ಕೋರಾ ಮೊವಾಟ್

ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ರಂಗಮಂಚ ಹತ್ತುವುದು ಅಮೆರಿಕದಲ್ಲೂ ಅವಮಾನ ಎನ್ನುವ ಕಾಲವದು. 1819ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಬೆಳೆದ ಅನ್ನಾ ಕೋರಾ ಮೊವಾಟ್ ಅವರಿಗೆ 15ನೇ ವಯಸ್ಸಿಗೇ ಮದುವೆಯಾಯಿತು. ವಕೀಲರಾಗಿದ್ದ ಪತಿ ಆಸ್ತಿ ಕಳೆದುಕೊಂಡಾಗ ಸಂಸಾರದ ಭಾರ ಇವರ ಹೆಗಲಿಗೆ ಬಿತ್ತು. ಸಭೆಗಳಲ್ಲಿ ಕವಿತೆ ವಾಚಿಸಿ, ಪತ್ರಿಕೆಗಳಿಗೆ ಬರೆದು ಮನೆ ನಡೆಸಿದರು.

1845ರ ಮಾರ್ಚ್ 24ರಂದು ನ್ಯೂಯಾರ್ಕ್‌ನ ಪಾರ್ಕ್ ಥಿಯೇಟರ್‌ನಲ್ಲಿ ಇವರ ‘ಫ್ಯಾಷನ್’ ನಾಟಕ ಮೊದಲ ಪ್ರದರ್ಶನ ಕಂಡಿತು. ಯುರೋಪಿನ ಥಳಕಿಗೆ ಮರುಳಾದ ಹೊಸ ಶ್ರೀಮಂತರು ಅಡುಗೆಯವನನ್ನೇ ಫ್ರೆಂಚ್ ಸರದಾರನೆಂದು ನಂಬಿ ಮೋಸಹೋಗುವ ಕಥೆ ಜನರಿಗೆ ಹಿಡಿಸಿತು. ಅದೇ ಜೂನ್‌ನಲ್ಲಿ, ಟೀಕೆಗೆ ಅಂಜದೆ, ಅದೇ ರಂಗಮಂದಿರದಲ್ಲಿ ಸ್ವತಃ ನಟಿಯಾದರು. 1850ರಲ್ಲಿ ನಾಟಕ ಲಂಡನ್‌ನಲ್ಲೂ ಪ್ರದರ್ಶನಗೊಂಡಿತು.

ಮೊವಾಟ್ 1870ರಲ್ಲಿ ಇಂಗ್ಲೆಂಡಿನಲ್ಲಿ ನಿಧನರಾದರು. 1924ರಲ್ಲಿ ನ್ಯೂಯಾರ್ಕ್‌ನ ಪ್ರಾವಿನ್ಸ್‌ಟೌನ್ ರಂಗಮಂದಿರದಲ್ಲಿ ‘ಫ್ಯಾಷನ್’ ಮತ್ತೆ ರಂಗಕ್ಕೆ ಬಂದು ತಿಂಗಳುಗಟ್ಟಲೆ ನಡೆಯಿತು.