ಮದ್ರಾಸಿನಿಂದ ಮೈಸೂರಿಗೆ ಹೋದ ಲೆಕ್ಕದ ಮನುಷ್ಯ

ರಾಯಪುರಂ ಸ್ಟೇಷನ್ನಿನಿಂದ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿದ್ದು 1856ರಲ್ಲಿ. ಆಗ ಸಿ. ರಂಗಾಚಾರ್ಲು ಅವರಿಗೆ ಇಪ್ಪತ್ತೈದು ವರ್ಷ. ಚೆಂಗಲ್ಪಟ್ಟು ಜಿಲ್ಲೆಯವರು, ಮದ್ರಾಸಿನಲ್ಲಿ ಓದಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆಯಿಂದ ಕೆಲಸ ಶುರುಮಾಡಿದವರು. ನಾವು ಕೆಲಸ ಹುಡುಕಿಕೊಂಡು ಮೈಸೂರು ಬಿಟ್ಟು ಇಲ್ಲಿಗೆ ಬಂದವರು. ಅವರು ಇಲ್ಲಿಂದ ಮೈಸೂರಿಗೆ ಹೋದವರು. ಹೋದ ಹದಿಮೂರು ವರ್ಷಕ್ಕೆ ದಿವಾನರಾದರು. ಮೈಸೂರಿನ ದೊಡ್ಡ ಗಡಿಯಾರದ ಪಕ್ಕದ ಟೌನ್ ಹಾಲ್‌ಗೆ ಅವರ ಹೆಸರಿದೆ ಎಂಬುದು ಊರಿನವರಿಗೆಲ್ಲ ಗೊತ್ತು. ಅವರು ಲೆಕ್ಕದ ಪುಸ್ತಕ ಓದುವುದರಲ್ಲಿ ಎಂಥ ಗಟ್ಟಿಗರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ನನಗೆ ಈ ಆಸಕ್ತಿ ಬಂದದ್ದು ರಾಯಪುರಂನಲ್ಲೇ. ನಮ್ಮ ಬೀದಿಯ ನಿವೃತ್ತ ಆಡಿಟರ್ ಒಬ್ಬರು ಭಾನುವಾರ ಬೆಳಿಗ್ಗೆ ನಾಲ್ಕೈದು ಐಟಿ ಹುಡುಗರನ್ನು ಕೂರಿಸಿಕೊಂಡು ಕಂಪನಿಗಳ ವಾರ್ಷಿಕ ವರದಿ ಓದಿಸುತ್ತಾರೆ. ಎಂ.ಟೆಕ್ ಮಾಡಿದವರಿಗೆ ಕೂಡುವುದು, ಕಳೆಯುವುದು ಕಷ್ಟವಲ್ಲ. ಆದರೆ ಯಾವ ಸಾಲಿನ ಮುಂದೆ ನಿಲ್ಲಬೇಕು, ಯಾವುದನ್ನು ನಂಬಬಾರದು ಎಂಬುದು ಪುಸ್ತಕದಿಂದ ಬರುವುದಿಲ್ಲ. ಸಾರ್ ಯಾವಾಗಲೂ ಹಿಂದಿನ ಪುಟಗಳಿಂದ ಶುರುಮಾಡಿಸುತ್ತಾರೆ. ಮೊದಲು ಟಿಪ್ಪಣಿಗಳು, ಆಮೇಲೆ ಸಾಲ, ಲಾಭ ಕೊನೆಗೆ. ನೂರೈವತ್ತು ವರ್ಷದ ಹಿಂದೆ ರಂಗಾಚಾರ್ಲು ಕಲಿತದ್ದೂ ಕಚೇರಿಯಲ್ಲಿ ಪಳಗಿದವರ ಪಕ್ಕದಲ್ಲಿ ಕೂತೇ.

ಅವರ ನಿಜವಾದ ಪಾಠಶಾಲೆ ಮದ್ರಾಸ್ ಪ್ರಾಂತ್ಯದ ಇನಾಂ ಆಯೋಗ. 1858ರಲ್ಲಿ ಆರಂಭವಾದ ಈ ಆಯೋಗದಲ್ಲಿ ಅವರು ಜಿ. ಎನ್. ಟೇಲರ್ ಎಂಬ ಅಧಿಕಾರಿಯ ಕೈಕೆಳಗೆ ದುಡಿದರು. ಇನಾಮು ಜಮೀನು ಯಾರದು, ಯಾವ ಸನದಿನ ಮೇಲೆ ಬಂತು, ಶಾನುಭೋಗರ ಲೆಕ್ಕದಲ್ಲಿ ಎಷ್ಟಿದೆ, ನೆಲದ ಮೇಲೆ ಎಷ್ಟಿದೆ ಎಂದು ಒಂದೊಂದನ್ನೂ ತಾಳೆ ನೋಡುವ ಕೆಲಸ. ಇಂದಿನ ಆಡಿಟರ್ ಆಸ್ತಿ ಪಟ್ಟಿಯನ್ನು ಹಿಡಿದು ಗೋದಾಮಿಗೆ ಹೋಗುವುದೂ ಇದೇ ರೀತಿಯದು. ಆಮೇಲೆ ಕ್ಯಾಲಿಕಟ್‌ನಲ್ಲಿ ಖಜಾನೆಯ ಡೆಪ್ಯುಟಿ ಕಲೆಕ್ಟರ್ ಆದರು. ಅಲ್ಲಿನ ಕಲೆಕ್ಟರ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಯುವಕ ಅವರ ಕಣ್ಣಿಗೆ ಬಿದ್ದ. ಹೆಸರು ಕೆ. ಶೇಷಾದ್ರಿ ಅಯ್ಯರ್.

1868ರ ಮಾರ್ಚ್‌ನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಮುಂದೆ ಪಟ್ಟಕ್ಕೆ ಬರಬೇಕಾದ ಚಾಮರಾಜೇಂದ್ರರು ಇನ್ನೂ ಮಗು. ಅರಮನೆಯ ವ್ಯವಹಾರ ಇತ್ಯರ್ಥ ಮಾಡಲು ನೇಮಕವಾದ ಅಧಿಕಾರಿಗೆ ನೆರವಾಗಲು ರಂಗಾಚಾರ್ಲು ಅವರನ್ನು ಕರೆಸಲಾಯಿತು. ಒಡವೆ, ವಸ್ತು, ಊಳಿಗದವರು, ಸಂಬಳ, ಮಾಶಾಸನ, ಸಾಲಗಾರರ ಹಕ್ಕು, ಎಲ್ಲದಕ್ಕೂ ಪಟ್ಟಿ ಬೇಕು. ಯಾವ ಸಾಲ ನಿಜ, ಯಾವುದು ಬಡ್ಡಿ ಸೇರಿ ಊದಿಕೊಂಡದ್ದು ಎಂದು ಬೇರ್ಪಡಿಸಬೇಕು. ಅರಮನೆಯೊಳಗೆ ಕೂತು ಹೊರಗಿನವನೊಬ್ಬ ಇದನ್ನು ಮಾಡಿದರೆ ಎಷ್ಟು ಜನರಿಗೆ ಬೇಡವಾಗುತ್ತಾನೆ ಎಂಬುದನ್ನು, ಆಫೀಸಿನಲ್ಲಿ ಖರ್ಚು ಕಡಿತದ ಪಟ್ಟಿ ತಯಾರಿಸಿದವರು ಊಹಿಸಬಲ್ಲರು.

ಆಮೇಲೆ ಬಂತು 1876-78ರ ಬರ. ಮೈಸೂರಿನ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು. 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಖಜಾನೆಯಲ್ಲಿ ಕೂಡಿಟ್ಟಿದ್ದ 63 ಲಕ್ಷ ರೂಪಾಯಿ ಕರಗಿತು, ಮೇಲೆ ಭಾರತ ಸರ್ಕಾರಕ್ಕೆ 80 ಲಕ್ಷ ಸಾಲ ನಿಂತಿತು. ವರ್ಷದ ಆದಾಯವೇ ಸುಮಾರು ಒಂದು ಕೋಟಿ ಇದ್ದ ರಾಜ್ಯ ಅದು. 1881ರ ಮಾರ್ಚ್ 25ರಂದು ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರರಿಗೆ ಹಿಂತಿರುಗಿಸಿದಾಗ ದಿವಾನ್ ರಂಗಾಚಾರ್ಲು ಅವರ ಕೈಗೆ ಸಿಕ್ಕಿದ್ದು ಈ ಲೆಕ್ಕ. ಅದರ ಹಿಂದೆ ಇನ್ನೊಂದು ಹೊಣೆಯೂ ಇತ್ತು. ಬ್ರಿಟಿಷರಿಗೆ ಕೊಡುವ ವಾರ್ಷಿಕ ಕಪ್ಪ ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಬೇಕೆಂದು ಒಪ್ಪಂದವಾಗಿತ್ತು. ಬರದ ಕಾರಣಕ್ಕೆ ಐದು ವರ್ಷ ಮುಂದೂಡಿದ್ದರು, ಅಷ್ಟೆ. ಆ ವರ್ಷದ ಜಮಾ-ಖರ್ಚಿನಲ್ಲಿ ಇದು ಎಲ್ಲೂ ಕಾಣುವುದಿಲ್ಲ. ನಮ್ಮ ಸಾರ್ ಟಿಪ್ಪಣಿಗಳಲ್ಲಿ ಹುಡುಕಿಸುವುದು ಇಂಥದ್ದನ್ನೇ.

ರಂಗಾಚಾರ್ಲು ಖರ್ಚನ್ನು ಕತ್ತರಿಸಿದರು. ಕೆಲವು ಕೋರ್ಟು, ಜೈಲುಗಳು ಮುಚ್ಚಿದವು. ಹಾಸನ, ಚಿತ್ರದುರ್ಗ ಜಿಲ್ಲೆಗಳು ಬರೀ ಉಪವಿಭಾಗಗಳಾದವು. ಜೊತೆಗೇ ಬೆಂಗಳೂರು-ಮೈಸೂರು ರೈಲು ಮಾರ್ಗದ ಕೆಲಸವನ್ನು ಮಾತ್ರ ಬಿಡದೆ ಮುಂದುವರಿಸಿ 1882ರಲ್ಲಿ ಮುಗಿಸಿದರು. ಮುಂದೆ ದುಡಿಯುವ ಖರ್ಚು, ಸುಮ್ಮನೆ ಸೋರುವ ಖರ್ಚು ಎಂಬ ಭೇದ ಅವರಿಗೆ ಸ್ಪಷ್ಟವಾಗಿತ್ತು. ರಾಯಪುರಂನಿಂದ ಮಾರ್ಗ ಹಾಕಿದ ಮದ್ರಾಸ್ ರೈಲ್ವೆ ಕಂಪನಿಗೆ ಹಾಕಿದ ಬಂಡವಾಳದ ಮೇಲೆ ಶೇಕಡಾ 5ರ ಖಾತರಿ ಇತ್ತು. ಕಡಿಮೆ ಬಿದ್ದರೆ ಈ ದೇಶದ ಕಂದಾಯದಿಂದ ತುಂಬಿಕೊಡಬೇಕು. ಮೈಸೂರಿನ ಮಾರ್ಗ ರಾಜ್ಯದ ಸ್ವಂತ ಹೊಣೆಯಲ್ಲಿ ಆಯಿತು.

ಜಿಲ್ಲೆಗಳ ವಿಷಯದಲ್ಲಿ ಮಾತ್ರ ಅವರು ಎಡವಿದರು ಎಂದು ನನಗನಿಸುತ್ತದೆ. ಹಾಸನದ ರೈತ ಜಿಲ್ಲಾ ಕಚೇರಿಯ ಕೆಲಸಕ್ಕೆ ಎಷ್ಟು ದಿನ ನಡೆಯಬೇಕು ಎಂಬುದು ಯಾವ ಖಾತೆಯಲ್ಲೂ ಖರ್ಚಾಗಿ ಬರೆಯುವುದಿಲ್ಲ. 1886ರಲ್ಲಿ ಎರಡೂ ಜಿಲ್ಲೆಗಳು ಮರಳಿ ಬಂದವು.

ಅವರ ದೊಡ್ಡ ಕೆಲಸ ಇದಾವುದೂ ಅಲ್ಲ. ದಿವಾನರಾದ ವರ್ಷವೇ, 1881ರ ಅಕ್ಟೋಬರ್ 7ರಂದು, ದಸರಾ ಸಮಯದಲ್ಲಿ, ತಾಲ್ಲೂಕುಗಳ ರೈತರು, ವರ್ತಕರು ಸೇರಿ 144 ಪ್ರತಿನಿಧಿಗಳನ್ನು ಮೈಸೂರಿಗೆ ಕರೆಸಿ ಪ್ರಜಾಪ್ರತಿನಿಧಿ ಸಭೆ ನಡೆಸಿದರು. ಅವರೆದುರು ರಾಜ್ಯದ ಆದಾಯ, ಖರ್ಚು, ಸಾಲ ಎಲ್ಲವನ್ನೂ ಬಿಚ್ಚಿಟ್ಟರು. ಸಭೆಗೆ ಮತ ಹಾಕುವ ಅಧಿಕಾರ ಇರಲಿಲ್ಲ, ಲೆಕ್ಕ ಒಪ್ಪದಿದ್ದರೆ ತಡೆಯುವಂತೆಯೂ ಇರಲಿಲ್ಲ. ಇದು ಬರೀ ತೋರಿಕೆ ಎಂದು ಕೆಲವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಬ್ರಿಟಿಷ್ ಭಾರತದಲ್ಲಿ ಶಾಸನ ಸಭೆಯವರಿಗೆ ಬಜೆಟ್ ಚರ್ಚಿಸುವ ಅವಕಾಶ ಸಿಕ್ಕಿದ್ದೇ 1892ರ ಕಾಯ್ದೆಯಿಂದ. ಬರದಲ್ಲಿ ಮನೆಯವರನ್ನು ಕಳೆದುಕೊಂಡಿದ್ದ ಸೀಮೆಗಳಿಂದ ಬಂದವರು, ತಾವು ಕಟ್ಟಿದ ಕಂದಾಯ ಎಲ್ಲಿ ಹೋಯಿತು ಎಂದು ದಿವಾನರ ಬಾಯಿಂದ ಕೇಳಿದ್ದು ಸಣ್ಣ ಸಂಗತಿಯಲ್ಲ. ಕೇಳಿಸಿಕೊಂಡವರು ಮುಂದಿನ ವರ್ಷ ಹೋಲಿಸಿ ನೋಡುತ್ತಾರೆ.

ಎರಡನೆಯ ಸಭೆ ಮುಗಿದು ಕೆಲವು ತಿಂಗಳಷ್ಟೇ ಆಗಿತ್ತು. 1883ರ ಜನವರಿಯಲ್ಲಿ ರಂಗಾಚಾರ್ಲು ಮದ್ರಾಸಿನಲ್ಲಿ ತೀರಿಕೊಂಡರು. ದಿವಾನಗಿರಿ ಎರಡು ವರ್ಷವೂ ತುಂಬಿರಲಿಲ್ಲ. ಆ ಜಾಗಕ್ಕೆ ಬಂದವರು ಕ್ಯಾಲಿಕಟ್‌ನಲ್ಲಿ ಅವರ ಕಣ್ಣಿಗೆ ಬಿದ್ದು, 1868ರಲ್ಲಿ ಮೈಸೂರಿಗೆ ಬಂದಿದ್ದ ಅದೇ ಶೇಷಾದ್ರಿ ಅಯ್ಯರ್. ಅವರು 1901ರವರೆಗೆ ದಿವಾನರಾಗಿದ್ದರು. ಬರದ ಸಾಲ ತೀರಿಸಿದರು, ಖಜಾನೆಯಲ್ಲಿ ಮಿಗತೆ ತೋರಿಸಿದರು, ಆ ಲೆಕ್ಕವನ್ನು ವರ್ಷ ವರ್ಷ ದಸರಾದಲ್ಲಿ ಅದೇ ಸಭೆಯ ಮುಂದಿಟ್ಟರು.