ಆಟೋ ಬೆನ್ನಿನ ಶಂಕರಣ್ಣ, ಮೆಟ್ರೋ ಕನಸಿನ ಶಂಕರ್‌ನಾಗ್

ಬೆಂಗಳೂರಿನ ಯಾವುದೇ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತು ನೋಡಿ, ಒಂದಾದರೂ ಆಟೋದ ಬೆನ್ನ ಮೇಲೆ ಶಂಕರ್‌ನಾಗ್ ನಗ್ತಾ ಕಾಣಿಸ್ತಾರೆ. ಅವರು ಬದುಕಿದ್ದಾಗ ನಮ್ಮ ಸಂಘದಲ್ಲಿ ಈಗ ಇರೋ ಯಾರೂ ಹುಟ್ಟಿರಲಿಲ್ಲ. ಆದರೂ ನಮಗೆಲ್ಲ ಅವರು ಶಂಕರಣ್ಣನೇ. ಪ್ರತಿ ನವೆಂಬರ್‌ನಲ್ಲಿ ಅವರ ಹಾಡಿಗೆ ಕುಣೀತೀವಿ, ಅವರ ಸ್ಟೈಲ್‌ನಲ್ಲಿ ಡೈಲಾಗ್ ಹೊಡೀತೀವಿ. ಈ ಸಲ ಮಾತ್ರ ಸಿನಿಮಾ ಹೀರೋನ ಸ್ವಲ್ಪ ಪಕ್ಕಕ್ಕಿಟ್ಟು, ಊರಿನ ಓಡಾಟದ ಬಗ್ಗೆ ತಲೆ ಕೆಡಿಸಿಕೊಂಡಿದ್ದ ಶಂಕರ್‌ನಾಗ್ ಬಗ್ಗೆ ಬರೆಯೋಣ ಅಂತ ಕೂತಿದ್ದೀವಿ.

ಶಂಕರ್‌ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದ ಕಡೆ. ಬೆಳೆದಿದ್ದು ಮುಂಬೈಯಲ್ಲಿ, ಮರಾಠಿ ರಂಗಭೂಮಿಯ ಸಹವಾಸದಲ್ಲಿ. 1978ರಲ್ಲಿ ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ಕನ್ನಡಕ್ಕೆ ಬಂದರು. ಆ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಿಕ್ಕಿತು. ಅಲ್ಲಿಂದ ಮುಂದೆ ಸಿಕ್ಕಿದ್ದು ಬರೀ 12 ವರ್ಷ. ಅಷ್ಟರಲ್ಲೇ 80ಕ್ಕೂ ಹೆಚ್ಚು ಸಿನಿಮಾ, ‘ಸಂಕೇತ್’ ನಾಟಕ ತಂಡ, ರೆಕಾರ್ಡಿಂಗ್ ಸ್ಟುಡಿಯೋ, ಇಡೀ ದೇಶ ಕೂತು ನೋಡಿದ ‘ಮಾಲ್ಗುಡಿ ಡೇಸ್’. ಒಬ್ಬ ಮನುಷ್ಯನಿಗೆ ದಿನಕ್ಕೆ 24 ಗಂಟೆ ಸಾಕಾಗಿದ್ದಾದರೂ ಹೇಗೆ ಅಂತ ಲೆಕ್ಕ ಹಾಕಿದರೆ ತಲೆ ತಿರುಗುತ್ತೆ.

ಅವರ ಕೆಲಸವನ್ನು ಒಂದೇ ಸಲ ಹರಡಿಕೊಂಡು ನೋಡಿದರೆ ಒಂದು ತಮಾಷೆ ಕಾಣುತ್ತೆ, ಎಲ್ಲೆಲ್ಲೂ ಚಕ್ರಗಳೇ! ನಿರ್ದೇಶಿಸಿದ ಮೊದಲ ಚಿತ್ರ ‘ಮಿಂಚಿನ ಓಟ’ ಕಾರು ಕಳ್ಳರ ಕಥೆ. ಮನೆಮನೆಗೂ ಹೆಸರು ಮುಟ್ಟಿಸಿದ್ದು ‘ಆಟೋರಾಜ’. ಇವೆರಡೂ 1980ರ ಚಿತ್ರಗಳು. ಖಾಕಿ ಹಾಕಿಕೊಂಡು ದುಡಿಯುವವನೇ ಹೀರೋ ಆಗಿ ತೆರೆ ಮೇಲೆ ಬಂದಾಗ ಆಟೋ ಚಾಲಕರು ಅವನನ್ನು ನಮ್ಮೋನು ಅಂದುಕೊಂಡರು, ಆ ನಂಟು ಇವತ್ತಿಗೂ ಬಿಟ್ಟಿಲ್ಲ. ಮಾಲ್ಗುಡಿಯ ರೈಲ್ವೆ ಸ್ಟೇಷನ್ ಆಗಿದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು.

ಇವೆಲ್ಲದರ ನಡುವೆ ನಾವು ಮರೆಯಬಾರದ ಚಿತ್ರ 1985ರ ‘ಆಕ್ಸಿಡೆಂಟ್’. ನಿರ್ದೇಶನ ಅವರದೇ. ಹಾಡಿಲ್ಲ, ಕುಣಿತ ಇಲ್ಲ. ನಶೆಯಲ್ಲಿ ಕಾರು ಓಡಿಸುವ ರಾಜಕಾರಣಿಯ ಮಗ ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಮೇಲೆ ಗಾಡಿ ಹತ್ತಿಸುತ್ತಾನೆ. ಅದನ್ನು ಮುಚ್ಚಿಹಾಕಲು ದೊಡ್ಡವರು ಓಡಾಡುತ್ತಾರೆ. ಸತ್ಯದ ಬೆನ್ನು ಹತ್ತುವ ಪತ್ರಕರ್ತನ ಪಾತ್ರ ಶಂಕರ್‌ನಾಗ್ ಅವರದ್ದು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅಪಘಾತವನ್ನು ಹಣೆಬರಹ ಅಂತ ಬಿಡದೆ, ಅದರ ಹಿಂದೆ ಒಬ್ಬರ ತಪ್ಪಿದೆ, ಆ ತಪ್ಪನ್ನು ಕಾಯುವ ವ್ಯವಸ್ಥೆಯೂ ಇದೆ ಅಂತ ತೋರಿಸಿದ ಚಿತ್ರ ಅದು. ನಮ್ಮ ಜೂನಿಯರ್‌ಗಳು ಒಮ್ಮೆ ನೋಡಲೇಬೇಕು.

ಇನ್ನು ಮೆಟ್ರೋ ವಿಷಯ. ಲಂಡನ್‌ನ ನೆಲದಡಿಯ ರೈಲು ನೋಡಿ ಬಂದ ಮೇಲೆ ಬೆಂಗಳೂರಿಗೂ ಅಂಥದ್ದೇ ಬೇಕು ಅಂತ ಅವರು ಹಟ ಹಿಡಿದಿದ್ದನ್ನು, ನಂದಿ ಬೆಟ್ಟಕ್ಕೆ ರೋಪ್‌ವೇ ಮಾಡಿಸೋ ಯೋಚನೆಯಲ್ಲಿದ್ದಿದ್ದನ್ನು ಜೊತೆಗಿದ್ದವರು ಇವತ್ತಿಗೂ ನೆನೆಯುತ್ತಾರೆ. ಆಗಿನ ಸ್ಥಿತಿ ನೆನಪಿರಲಿ. ಭಾರತದಲ್ಲಿ ಮೆಟ್ರೋ ಅಂತ ಇದ್ದಿದ್ದು ಕಲ್ಕತ್ತಾ ಒಂದರಲ್ಲೇ, ಅದೂ ಶುರುವಾಗಿದ್ದು 1984ರಲ್ಲಿ. ಬೆಂಗಳೂರಿನ ಜನ ಇನ್ನೂ ನಮ್ಮದು ಆರಾಮಿನ ಊರು ಅಂತಿದ್ದ ಕಾಲ. ಟ್ರಾಫಿಕ್ ಕುತ್ತಿಗೆಗೆ ಬಂದ ಮೇಲೆ ಎಲ್ಲರೂ ರೈಲು ಕೇಳ್ತಾರೆ, ಬರೋಕೆ ಮುಂಚೆಯೇ ಕೇಳಿದ್ದು ಅವರ ದೊಡ್ಡತನ.

ಕೇಳಿದವರು ಅದನ್ನು ನೋಡಲಿಲ್ಲ. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ‘ಜೋಕುಮಾರಸ್ವಾಮಿ’ ಚಿತ್ರದ ಶೂಟಿಂಗ್‌ಗೆ ಹೋಗುವಾಗ, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅವರ ಕಾರಿಗೂ ಲಾರಿಗೂ ಡಿಕ್ಕಿಯಾಯಿತು. ಹೆಂಡತಿ ಅರುಂಧತಿ ಮತ್ತು ಪುಟ್ಟ ಮಗಳು ಉಳಿದರು. ಶಂಕರ್‌ನಾಗ್ ಉಳಿಯಲಿಲ್ಲ. ವಯಸ್ಸಿನ್ನೂ 36 ತುಂಬಿರಲಿಲ್ಲ.

ಸಿವಿಲ್, ಮೆಕ್ಯಾನಿಕಲ್ ಓದುವ ನಾವು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಬೆಂಗಳೂರು–ಪುಣೆ ಹೆದ್ದಾರಿಗೆ ಆಗ ಡಿವೈಡರ್ ಇರಲಿಲ್ಲ. ಹೋಗೋ ಗಾಡಿ, ಬರೋ ಗಾಡಿ ಎರಡೂ ಒಂದೇ ರಸ್ತೆಯಲ್ಲಿ. ಅದು ಅಗಲವಾಗಿ ಇಬ್ಭಾಗ ಆಗಿದ್ದು ಮುಂದೆ, ಸುವರ್ಣ ಚತುಷ್ಪಥ ಯೋಜನೆಯಲ್ಲಿ. ಎದುರುಬದುರು ಬರುವ ಎರಡು ಗಾಡಿಗಳ ವೇಗ ತಲಾ ಗಂಟೆಗೆ 60 ಕಿ.ಮೀ. ಇದ್ದರೆ ನಡುವಿನ ಅಂತರ ಸೆಕೆಂಡಿಗೆ ಸುಮಾರು 33 ಮೀಟರ್‌ನಂತೆ ಕರಗುತ್ತೆ. ಕಣ್ಣು ಮಿಟುಕಿಸಿ ಸರಿಮಾಡಿಕೊಳ್ಳೋಷ್ಟರಲ್ಲಿ ಮುಗಿದಿರುತ್ತೆ. ಅದಕ್ಕೇ ನೋಡಿ, ಚಾಲಕ ಎಷ್ಟೇ ಚುರುಕಾಗಿರಲಿ, ಮನುಷ್ಯ ಒಂದಲ್ಲ ಒಂದು ದಿನ ತಪ್ಪುತ್ತಾನೆ ಅಂತ ಇಟ್ಟುಕೊಂಡೇ ರಸ್ತೆ ಕಟ್ಟಬೇಕು. ತಪ್ಪಿದರೂ ಜೀವ ಉಳಿಯೋ ಹಾಗಿರಬೇಕು. ಮಧ್ಯದ ಗೋಡೆ, ಸರಿಯಾದ ಬೆಳಕು, ನಡೆಯೋರಿಗೆ ಫುಟ್‌ಪಾತ್, ಪ್ರತ್ಯೇಕ ಹಳಿಯ ಮೇಲೆ ಓಡುವ ರೈಲು, ಇವೆಲ್ಲದರ ಹಿಂದಿರೋ ಲೆಕ್ಕ ಒಂದೇ.

ಬೆಂಗಳೂರಿನ ಮೊದಲ ಮೆಟ್ರೋ ಓಡಿದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ, 6.7 ಕಿ.ಮೀ. ಅಷ್ಟು ಹೊತ್ತಿಗೆ ಶಂಕರ್‌ನಾಗ್ ಹೋಗಿ 21 ವರ್ಷ. ಅವರ ನೆನಪಿಗೆ ಅರುಂಧತಿ ನಾಗ್ ಕಟ್ಟಿಸಿದ ‘ರಂಗಶಂಕರ’ 2004ರಿಂದ ನಡೀತಿದೆ, ನಾಟಕದ ಕನಸು ಅಲ್ಲಿ ಉಳಿಯಿತು. ಓಡಾಟದ ಕನಸನ್ನು ಉಳಿಸಿಕೊಳ್ಳೋ ಜವಾಬ್ದಾರಿ ನಮ್ಮಂಥವರ ಮೇಲಿದೆ. ಸ್ಟೇಷನ್ ಕಟ್ಟಿದರೆ ಸಾಲದು, ಇಳಿದವರು ಮನೆವರೆಗೆ ಕ್ಷೇಮವಾಗಿ ನಡೆದು ಹೋಗುವಂತಿರಬೇಕು, ಹೊರಗೆ ಆಟೋಗೆ ನಿಲ್ಲಲು ಜಾಗ ಇರಬೇಕು. ಮುಂದೆ ನಮ್ಮಲ್ಲಿ ಯಾರಾದರೂ ರಸ್ತೆಯ ನಕ್ಷೆ ಹಾಕುವಾಗ, ಆ ಡಿವೈಡರ್‌ಗೆ ಯಾಕಪ್ಪಾ ಇಷ್ಟು ಖರ್ಚು ಅಂತ ಯಾರಾದರೂ ಕೇಳಿದರೆ, ಆನಗೋಡಿನ ಕಥೆ ಹೇಳೋಣ.

ಅಲ್ಲಿವರೆಗೆ ನಮ್ಮ ಕೈಲಿರೋದನ್ನಾದರೂ ಮಾಡೋಣ. ಬೈಕ್ ಹಿಂದೆ ಕೂತವರೂ ಹೆಲ್ಮೆಟ್ ಹಾಕೋಣ, ಕಾರಿನ ಹಿಂದಿನ ಸೀಟಲ್ಲೂ ಬೆಲ್ಟ್ ಬಿಗಿಯೋಣ, ಟ್ರಿಪ್ ಹೊರಟಾಗ ನಿದ್ದೆಗೆಟ್ಟು ರಾತ್ರಿ ಗಾಡಿ ಓಡಿಸೋ ಹುಚ್ಚು ಬಿಡೋಣ. ಶಂಕರಣ್ಣನ ಅಭಿಮಾನಿ ಅಂತ ಎದೆ ತಟ್ಟಿಕೊಳ್ಳೋರು ಅಷ್ಟು ಮಾಡದಿದ್ದರೆ ಹೇಗೆ?